ಹೊಳೆದಂಡೆಗೆ ನಾನೂರು ಟೈರು

ಜನವರಿ ೧೨

ನಾದಿನಿಗೆ,

ಆರು ವರ್ಷದ ಮೇಲೆ ನನ್ನ ಕೈಬರಹ ನೋಡಿ ಯಾರಿಗೋ ಏನೋ ಆಗಿದೆ ಅಂದುಕೊಳ್ಳಬೇಡ. ಯಾರಿಗೂ ಏನೂ ಆಗಿಲ್ಲ. ನನ್ನ ಮೊಣಕಾಲು ನೋಯುತ್ತದೆ, ಅದು ಮೊದಲೂ ನೋಯುತ್ತಿತ್ತು.

ವಿಷಯ ಇಷ್ಟು. ನಗರಸಭೆಯ ಆರೋಗ್ಯ ವಿಭಾಗದಿಂದ ನೋಟಿಸು ಬಂದಿದೆ. ನಮ್ಮ ಪಂಕ್ಚರ್ ಅಂಗಡಿಯ ಹಿಂದಿನ ಅಂಗಳದಲ್ಲಿ ನಿಮ್ಮಣ್ಣ ಗುಡ್ಡೆ ಹಾಕಿ ಹೋದ ಹಳೇ ಟೈರುಗಳಲ್ಲಿ ನೀರು ನಿಂತು, ನಾನು ಇಡೀ ಬೀದಿಗೆ ಸೊಳ್ಳೆ ಸಾಕಿ ಕೊಡುತ್ತಿದ್ದೇನಂತೆ. ಜುಲೈ ಒಂದರೊಳಗೆ ಅಂಗಳ ಖಾಲಿಯಾಗಬೇಕು, ಇಲ್ಲದಿದ್ದರೆ ಅಂಗಡಿಗೂ ಬೀಗ. ನಾನೂ ಪುಟ್ಟಿಯೂ ಕೂತು ಎಣಿಸಿದೆವು. ಎರಡು ಸಾವಿರದ ಮುನ್ನೂರ ಹನ್ನೊಂದು. ಅವರು ತೀರಿಹೋಗಿ ಐದು ವರ್ಷವಾಯಿತು, ಟೈರು ಮಾತ್ರ ತಾನೇ ಮರಿ ಹಾಕುತ್ತಿದೆಯೇನೋ ಅನ್ನಿಸುತ್ತದೆ.

ಊರಾಚೆ ಟೈರು ಸುಟ್ಟು ಎಣ್ಣೆ ಇಳಿಸುವ ಭಟ್ಟಿಯವನೊಬ್ಬ ಇದ್ದಾನೆ. ಅಷ್ಟನ್ನೂ ಒಂದೇ ವಾರದಲ್ಲಿ ಹೊತ್ತೊಯ್ಯುತ್ತೇನೆ ಅನ್ನುತ್ತಾನೆ. ನನಗೆ ಅದೇ ಸುಲಭ. ಆದರೆ ನನ್ನ ಮಗಳು, ನಿನ್ನ ಸೊಸೆ ಪುಟ್ಟಿ ಇದ್ದಾಳಲ್ಲ, ಈಗ ಅವಳೇ ನಮ್ಮ ಲಾರಿ ಓಡಿಸುವುದು, ಅವಳು ಎಲ್ಲೋ ಎರಡು ದಿನದ ತರಬೇತಿಗೆ ಹೋಗಿ ಬಂದು ಬೇರೆಯೇ ರಾಗ ತೆಗೆದಿದ್ದಾಳೆ. ಹಳೇ ಟೈರಿಗೆ ಮಣ್ಣು ಗಿಡಿದು ತುಂಬಿ ತಡೆಗೋಡೆ ಕಟ್ಟಬಹುದಂತೆ, ಜರಿಯುವ ದಂಡೆ ನಿಲ್ಲುತ್ತದಂತೆ. ಮೊದಲ ಗೋಡೆ ನಿನ್ನ ನರ್ಸರಿಗೇ ಆಗಬೇಕಂತೆ. ಅತ್ತೆ ಒಪ್ಪುವುದಿಲ್ಲ ಅಂದೆ. ಕೇಳಿ ನೋಡು ಅಂದಳು. ಫೋನು ಕೈಗೆ ತೆಗೆದುಕೊಂಡರೆ ಕಿತ್ತುಕೊಂಡಳು. "ಫೋನ್ ಮಾಡಿದ್ರೆ ಎರಡನೇ ನಿಮಿಷಕ್ಕೆ ಇಬ್ರೂ ಜಗಳಕ್ಕೆ ಬೀಳ್ತೀರ. ಬರೀರಿ. ಬರೆಯೋ ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತೆ" ಅಂದಳು.

ನನ್ನದು ಇಳಿದಿಲ್ಲ. ಆದರೂ ಬರೆದಿದ್ದೇನೆ. ಇಲ್ಲ ಅಂತ ಒಂದೇ ಮಾತು ಬರೆದು ಕಳಿಸು, ಅವಳ ಬಾಯಿ ಮುಚ್ಚಿಸುತ್ತೇನೆ.

ಇಂತಿ,
ಟೈರ್ ಅಂಗಡಿಯವಳು


ಜನವರಿ ೨೭

ಅತ್ತಿಗೆಯವರಿಗೆ,

ಇಲ್ಲ.

ಒಂದೇ ಮಾತು ಸಾಕು ಎಂದಿದ್ದಿರಿ, ಆದರೆ ಪುಟ್ಟಿಗೆ ಕಾರಣ ಹೇಳಬೇಕಲ್ಲ. ಆರು ವರ್ಷದ ಹಿಂದೆ ಅಣ್ಣ ಇದೇ ದಂಡೆಗೆ ಎಂಬತ್ತು ಟೈರು ತಂದು ಒಂದರ ಮೇಲೊಂದು ಪೇರಿಸಿದ. ಕಟ್ಟುವುದು ಯಾವಾಗ ಎಂದು ನಾನು ಕೇಳಿದ್ದೆ. "ಇಷ್ಟು ಭಾರ ಇರೋದನ್ನ ಹೊಳೆ ಏನು ಎತ್ಕೊಂಡು ಹೋಗುತ್ತಾ?" ಎಂದು ಕೈ ಕೊಡವಿಕೊಂಡು ಹೋದ. ಮೊದಲ ನೆರೆಗೇ ಅವು ಬಾತುಕೋಳಿಯ ಹಾಗೆ ಒಂದೊಂದಾಗಿ ಎದ್ದು ಹೊರಟವು. ಹೋಗುವಾಗ ನನ್ನ ಎರಡು ಪಾತಿ ಸಸಿಗಳನ್ನೂ ಕರೆದುಕೊಂಡು ಹೋದವು. ಕೆಳಗಿನ ಸೇತುವೆಗೆ ಸಿಕ್ಕಿಕೊಂಡು ನೀರು ಕಟ್ಟಿ ಹನ್ನೆರಡು ಮನೆಗಳ ಒಳಗೆ ಕೆಸರು ನುಗ್ಗಿತು. ಆಮೇಲೆ ಒಂದು ವರ್ಷ ಇಲ್ಲಿಗೆ ಗಿಡ ಕೊಳ್ಳಲು ಬಂದವರೆಲ್ಲ "ಟೈರ್ ಜೊತೆಗೋ, ಟೈರ್ ಇಲ್ಲದೆಯೋ?" ಎಂದು ಕೇಳಿ ನಗುತ್ತಿದ್ದರು.

ಆದ್ದರಿಂದ ಟೈರು ಬೇಡ. ಪುಟ್ಟಿ ಬೇಕಾದರೆ ಬರಲಿ. ನಾನು ಕೊನೆಯ ಸಲ ನೋಡಿದಾಗ ಅವಳಿಗೆ ಹದಿನೆಂಟು. ಹಳೇ ಚಪ್ಪಲಿ ಹಾಕಿಕೊಂಡು ಬರಲು ಹೇಳಿ, ಇಲ್ಲಿ ಬರೀ ಕೆಸರು.

ಹೋದ ವರ್ಷ ಸಸಿ ಕಟ್ಟುವ ಷೆಡ್ಡಿನಿಂದ ಹೊಳೆಯ ಅಂಚಿಗೆ ಹನ್ನೊಂದು ಹೆಜ್ಜೆ ಇತ್ತು. ಈಗ ಆರು. ಇದನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಇಂತಿ,
ನರ್ಸರಿಯವಳು


ಫೆಬ್ರವರಿ ೧೦

ನಾದಿನಿಗೆ,

ಪುಟ್ಟಿ ನಿನ್ನಲ್ಲಿಂದ ಬಂದಾಗ ಮೊಣಕಾಲವರೆಗೆ ಕೆಸರು, ಬಾಯಿ ತುಂಬ ಅತ್ತೆ. ಎರಡು ಸಲ ಊಟ ಬಡಿಸಿದೆಯಂತೆ, ಮೂರನೇ ಸಲ ಬೇಡ ಅಂದಿದ್ದಕ್ಕೆ ಬೈದೆಯಂತೆ. ನಿಮ್ಮ ಮನೆಯವರ ಪ್ರೀತಿಯೇ ಹಾಗೆ, ಬೈಗುಳ ಹೊದ್ದುಕೊಂಡೇ ಬರುತ್ತದೆ.

ಮೊನ್ನೆ ಆ ಭಟ್ಟಿಗೆ ಹೋಗಿ ನೋಡಿಬಂದೆ. ಹೋಗದಿದ್ದರೆ ಚೆನ್ನಾಗಿತ್ತು. ಹೊಗೆ ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಸುತ್ತ ಇರುವ ಗಿಡದ ಎಲೆ ಮುಟ್ಟಿದರೆ ಬೆರಳು ಕಪ್ಪು. ಒಲೆಗೆ ಟೈರು ತುಂಬುವ ಹೆಂಗಸು ಕೆಮ್ಮುತ್ತಲೇ ನನಗೆ ದಾರಿ ತೋರಿಸಿದಳು. "ಯಾವಾಗ ಲೋಡ್ ಮಾಡಿಸ್ಲಿ ಅಮ್ಮ?" ಅಂತ ಅವನು ಕೇಳಿದ. "ನಮ್ಮ ಟೈರು ಸುಡೋಕಲ್ಲಪ್ಪ" ಅಂದುಬಿಟ್ಟೆ. ಹಾಗಾದರೆ ಯಾತಕ್ಕೆ ಅಂತ ಅವನು ಕೇಳುವ ಮೊದಲೇ ಹೊರಟು ಬಂದೆ.

ಈಗ ಇನ್ನೊಂದು ವಿಷಯ. ನಿನ್ನ ಸೊಸೆ ಷೆಡ್ಡಿನ ಹಿಂದೆ ಒಂದು ಟೈರು ಬಿಟ್ಟು ಬಂದಿದ್ದಾಳೆ. ನಾನು ಹೇಳಿಕೊಟ್ಟಿದ್ದಲ್ಲ, ಆಣೆ ಬೇಕಾದರೂ ಇಡುತ್ತೇನೆ. ಅದರ ಮೇಲಿನ ಪಕ್ಕೆ ಕೊಯ್ದು ತೆಗೆದು, ಜಲ್ಲಿ ಬೆರೆಸಿದ ಮಣ್ಣು ಸುರಿದು, ದೊಡ್ಡ ಸುತ್ತಿಗೆಯಲ್ಲಿ ಗುದ್ದಿದ್ದಾಳೆ. ಮೂರು ತಳ್ಳುಗಾಡಿ ಮಣ್ಣು ಹಿಡಿಯಿತಂತೆ. ನೀನು ಸಂತೆಗೆ ಹೋಗಿದ್ದೆಯಂತೆ, ಅದಕ್ಕೇ ಇಷ್ಟೆಲ್ಲ ನಡೆದಿದೆ. ಅದನ್ನು ಅಲುಗಾಡಿಸಿ ನೋಡು. ಒಂದು ಬೆರಳು ಅಲುಗಿದರೂ ವಾಪಸ್ ಕಳಿಸು, ಇನ್ನು ಆ ಸುದ್ದಿಯೇ ಎತ್ತುವುದಿಲ್ಲ.

ಇಂತಿ,
ಪುಟ್ಟಿಯ ಅಮ್ಮ


ಮಾರ್ಚ್ ೪

ಅತ್ತಿಗೆಗೆ,

ಅಲುಗಲಿಲ್ಲ.

ಮೊದಲು ನಾನೊಬ್ಬಳೇ ತಳ್ಳಿದೆ. ಆಮೇಲೆ ಗುಲಾಬಿ ಗಿಡಕ್ಕೆ ಬಂದಿದ್ದ ಬಡಗಿ "ಬಿಡಿಯಮ್ಮ, ಇದೇನು ಮಹಾ" ಎಂದು ಅಂಗಿಯ ತೋಳು ಮಡಿಸಿದರು. ಟೈರು ಅಲ್ಲೇ ಇತ್ತು, ಅವರ ಸೊಂಟ ಹಿಡಿದುಕೊಂಡಿತು. ಇಬ್ಬರೂ ಸೇರಿ ಹಾರೆ ಹಾಕಿದೆವು, ಹಾರೆ ಬಾಗಿತು. ಬಡಗಿಗೆ ಗುಲಾಬಿ ಪುಕ್ಕಟೆ ಕೊಟ್ಟು ಕಳಿಸಬೇಕಾಯಿತು. ಅವಮಾನವಾದದ್ದು ಯಾರಿಗೆ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಒಂದು ವಾರ ಆ ಟೈರಿನ ಮೇಲೆ ಕೂತು ಚಹಾ ಕುಡಿದೆ. ಎಂಟನೇ ದಿನ ಹೊಳೆ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ದಂಡೆಯ ಮೇಲೆ ಏನು ಕಟ್ಟುವುದಾದರೂ ಅವರ ಒಪ್ಪಿಗೆ ಬೇಕು.

ಅಲ್ಲೊಬ್ಬಳು ಹೊಸ ಇಂಜಿನಿಯರಮ್ಮ ಬಂದಿದ್ದಾಳೆ. ಸೊಂಟಕ್ಕೆ ಸದಾ ಅಳತೆ ಟೇಪು ಸಿಕ್ಕಿಸಿಕೊಂಡಿರುತ್ತಾಳೆ, ನಾನು ಅವಳಿಗೆ ಅಳತೆಯಮ್ಮ ಎಂದು ಹೆಸರಿಟ್ಟಿದ್ದೇನೆ. ಟೈರು ಎಂದ ಕೂಡಲೇ ಎದ್ದು ಹೋಗಿ ಹಳೇ ಫೈಲು ತಂದಳು. ಅದರಲ್ಲಿ ಸೇತುವೆಗೆ ಸಿಕ್ಕಿದ ಅಣ್ಣನ ಟೈರುಗಳ ಫೋಟೊ. ಪಕ್ಕದಲ್ಲಿ ಬಾಯಿ ಅಷ್ಟಗಲ ತೆರೆದು ಕಿರುಚುತ್ತಿರುವ ಒಬ್ಬ ಹೆಂಗಸು.

"ಇದು ನೀವೇನಾ?"

"ನಾನೇ."

"ಆಗ ಬೇಡ ಅಂತ ಕಿರುಚ್ತಿದ್ರಿ. ಈಗ ಬೇಕು ಅಂತ ಅರ್ಜಿ ಕೊಡ್ತಿದೀರಲ್ಲ!"

ಮರುದಿನ ಬಂದಳು. ಪುಟ್ಟಿ ಗಿಡಿದ ಟೈರನ್ನು ಬೂಟಿನಲ್ಲಿ ಒದ್ದು ನೋಡಿ, ಕಾಲು ಹಿಡಿದುಕೊಂಡು ಸ್ವಲ್ಪ ಹೊತ್ತು ಕುಂಟಿದಳು. ಆಮೇಲೆ ಷರತ್ತು ಹೇಳಿದಳು. ಮಾಮೂಲಿ ನೀರಿನ ಮಟ್ಟಕ್ಕಿಂತ ಕೆಳಗೆ ಟೈರು ಬೇಡ, ಅಲ್ಲಿ ತಂತಿ ಬಲೆಯ ಪೆಟ್ಟಿಗೆಗೆ ಕಲ್ಲು ತುಂಬಿ ಅಡಿಪಾಯ ಇಡಬೇಕು. ಅದರ ಮೇಲೆ ಎಂಟು ಸಾಲು, ಪ್ರತಿ ಸಾಲೂ ಒಂದು ಗೇಣು ಹಿಂದಕ್ಕೆ. ಹಿಂಬದಿಗೆ ಜಲ್ಲಿ, ನೀರು ಬಸಿಯಲು ತೂತಿನ ಪೈಪು. ಹೊಳೆಯ ತಿರುವು ಪೂರ್ತಿ ಕಟ್ಟಬೇಕು, ಅರ್ಧ ಕಟ್ಟಿದರೆ ನೀರು ತುದಿಯಿಂದ ಹಿಂದಕ್ಕೆ ನುಗ್ಗುತ್ತದೆ. ಲೆಕ್ಕ ಹಾಕಿದರೆ ನಾನೂರು ಟೈರು. ಮಳೆಗೆ ಮುಂಚೆ ಮುಗಿಯಬೇಕು. ಮೊದಲ ನೆರೆಯಲ್ಲಿ ಗೋಡೆ ಒಂದು ಗೇಣಿಗಿಂತ ಹೆಚ್ಚು ಸರಿದರೆ ಅಷ್ಟನ್ನೂ ನಾನೇ ಕಿತ್ತು ಹಾಕಬೇಕು.

ಹೂಂ ಎಂದು ಸಹಿ ಮಾಡಿದ್ದೇನೆ. ಟೈರು ಕಳಿಸಿ.

ಇಂತಿ,
ಪುಟ್ಟಿಯ ಅತ್ತೆ


ಮಾರ್ಚ್ ೨೨

ನಾದಿನಿಗೆ,

ನಾನೂರು ಅಂತ ನೀನು ಒಂದು ಸಾಲಿನಲ್ಲಿ ಬರೆದುಬಿಟ್ಟೆ. ಕೊಯ್ಯುವವಳ ಕೈ ನೋಡಬೇಕಿತ್ತು.

ಲಾರಿ ಟೈರಿನ ಪಕ್ಕೆಯಲ್ಲಿ ತಂತಿ ಇರುತ್ತದೆ, ನಮ್ಮ ಚಾಕುವಿಗೆ ಬಗ್ಗುವುದಿಲ್ಲ. ಕಾರಿನದರಲ್ಲಿ ಬರೀ ನೂಲು. ಚಾಕುವನ್ನು ಸೋಪಿನ ನೀರಿನಲ್ಲಿ ಅದ್ದಿ ಇಳಿಸಿದರೆ ಸರ್ರನೆ ಹೋಗುತ್ತದೆ, ಒಣ ಚಾಕು ಹಾಕಿದರೆ ಕಚ್ಚಿಕೊಂಡು ಕೂರುತ್ತದೆ. ಇದನ್ನು ಕಂಡುಹಿಡಿಯುವುದಕ್ಕೆ ನನಗೆ ನಾಲ್ಕು ದಿನ ಬೇಕಾಯಿತು. ಈಗ ದಿನಕ್ಕೆ ಇಪ್ಪತ್ತೈದು ಕೊಯ್ಯುತ್ತೇನೆ. ಪಂಕ್ಚರ್ ಹಾಕಿಸಿಕೊಳ್ಳಲು ಬಂದವರು ನನ್ನ ಬಕೆಟ್ಟಿನ ನೊರೆ ನೋಡಿ "ಟೈರಿಗೆ ಸ್ನಾನ ಮಾಡಿಸ್ತಿದೀರಾ ಅಮ್ಮ?" ಅನ್ನುತ್ತಾರೆ. "ಹೂಂನಪ್ಪ, ನೆಂಟರ ಮನೆಗೆ ಕಳಿಸ್ತಿದೀನಿ" ಅಂದೆ ಒಬ್ಬನಿಗೆ.

ಕೊಯ್ದು ತೆಗೆದ ಪಕ್ಕೆಗಳು ದೊಡ್ಡ ಬಳೆಗಳ ಹಾಗಿವೆ. ಅವನ್ನೂ ಲಾರಿಯಲ್ಲಿ ಕಳಿಸುತ್ತೇನೆ, ಬಿಸಾಡಬೇಡ. ನಾಲ್ಕು ನಾಲ್ಕನ್ನು ತಂತಿಯಲ್ಲಿ ಹೊಲಿದು ಹಾಸಿದರೆ ತಳ್ಳುಗಾಡಿಯ ಚಕ್ರ ಕೆಸರಿನಲ್ಲಿ ಹೂಳುವುದಿಲ್ಲ. ಇದು ಪುಟ್ಟಿಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದಲ್ಲ, ನನ್ನದೇ ತಲೆ.

ಲಾರಿ ಟೈರುಗಳದ್ದೂ ದಾರಿ ಕಂಡಿದೆ. ಟೈರನ್ನು ಪುಡಿ ಮಾಡಿ, ಅಂಟು ಕಲಸಿ, ಆಟದ ಮೈದಾನಕ್ಕೆ ಹಾಸುವ ಬಿಲ್ಲೆ ಅಚ್ಚು ಹಾಕುವ ಕಾರ್ಖಾನೆ ಪುಟ್ಟಿಗೆ ಸಿಕ್ಕಿದೆ. ತಿಂಗಳಿಗೆ ಏಳುನೂರು ತೆಗೆದುಕೊಳ್ಳುತ್ತಾರಂತೆ. ಒಂದು ಬಿಲ್ಲೆ ಮಾದರಿಗೆ ತಂದಳು. ಅದರ ಮೇಲೆ ನಿಂತು ಕುಣಿದು ನೋಡಿದೆ, ಬಾಗಿಲಲ್ಲಿ ಗಿರಾಕಿ ನಿಂತಿದ್ದು ಗೊತ್ತಾಗಲಿಲ್ಲ.

ಮೊದಲ ಲೋಡು ನಾಳೆ. ಎಣಿಸಿಕೋ, ಎಂಬತ್ತೈದು. ಗುದ್ದುವಾಗ ಟೈರಿನ ಹೊಟ್ಟೆ ಉಬ್ಬಬೇಕು. ಉಬ್ಬದಿದ್ದರೆ ಇನ್ನೂ ಗುದ್ದು.

ಇಂತಿ,
ಅತ್ತಿಗೆ


ಏಪ್ರಿಲ್ ೧೮

ಅತ್ತಿಗೆಗೆ,

ನಾಲ್ಕನೇ ಸಾಲು ಮುಗಿಯಿತು. ನಾನು, ಪುಟ್ಟಿ, ಕೆಳಗಿನ ಬೀದಿಯ ಇಬ್ಬರು ಅಕ್ಕತಂಗಿಯರು, ಸೊಂಟ ಸರಿಹೋದ ಮೇಲೆ ಬಡಗಿ ಕೂಡ. ಆ ಅಕ್ಕತಂಗಿಯರ ಮನೆಯೊಳಗೆ ಅವತ್ತು ಕೆಸರು ನುಗ್ಗಿತ್ತು. ಕೆಲಸಕ್ಕೆ ಬಂದ ಮೊದಲ ದಿನ ಅಕ್ಕ ಸುತ್ತಿಗೆ ಎತ್ತಿಕೊಂಡು "ಈ ಟೈರಿನ ಮೇಲೆ ನನ್ಗೊಂದು ಹಳೇ ಸಿಟ್ಟಿದೆ" ಎಂದವಳೇ ಬಡಿದಳು ನೋಡಿ, ಅವಳು ಗುದ್ದಿದ ಟೈರಿಗೆ ಎರಡನೇ ಕೈ ಬೇಕಾಗಲಿಲ್ಲ. ನಿಮ್ಮ ಬಳೆ ಹಾಸಿದ ದಾರಿಯ ಮೇಲೆ ಗಾಡಿ ಹೂವಿನಂತೆ ಹೋಗುತ್ತದೆ. ಸಾಲು ಸಾಲಿನ ನಡುವೆ ಲಾವಂಚ ನೆಡುತ್ತಿದ್ದೇನೆ. ಅದರ ಬೇರು ಆಳೆತ್ತರ ಇಳಿದು ಮಣ್ಣನ್ನು ಹೊಲಿಗೆ ಹಾಕಿದ ಹಾಗೆ ಹಿಡಿಯುತ್ತದೆ.

ಅಳತೆಯಮ್ಮ ವಾರಕ್ಕೆರಡು ಸಲ ಬಂದು ಗೇಣು ಗೇಣಿಗೂ ಟೇಪು ಹಿಡಿಯುತ್ತಾಳೆ. ಮೊನ್ನೆ ಮೂರನೇ ಸಾಲಿನ ಹನ್ನೊಂದು ಟೈರು ಬಿಚ್ಚಿಸಿದಳು. ಪುಟ್ಟಿಗೆ ಅಳು ಬಂತು, ನನಗೆ ಕೋಪ ಬಂತು, ಅಳತೆಯಮ್ಮ ಮಾತ್ರ ಕೂತು ಬಾಳೆಹಣ್ಣು ತಿಂದಳು. ಬಿಚ್ಚಿ ನೋಡಿದರೆ ಅವಳು ಹೇಳಿದ್ದೇ ಸರಿ, ಒಳಗೆ ಟೊಳ್ಳಿತ್ತು.

ಟೊಳ್ಳು ನೋಡಿದಾಗ ನಿಮಗೆ ಒಂದು ವಿಷಯ ಬರೆಯಬೇಕೆನಿಸಿತು. ಮೂರು ದಿನದಿಂದ ಬರೆದು ಹರಿಯುತ್ತಿದ್ದೇನೆ.

ಅವತ್ತು ಸೇತುವೆಯ ಮೇಲೆ ಅಷ್ಟು ಜನರ ಮುಂದೆ ನಾನು ಅಣ್ಣನಿಗೆ ಹೇಳಿದ್ದು ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದಿರಬಹುದು. "ನಿನ್ನ ಕಸ ತಂದು ನನ್ನ ಬಾಗಿಲಿಗೆ ಸುರಿದೆ. ಇನ್ಮೇಲೆ ನನ್ನನ್ನ ತಂಗಿ ಅನ್ಬೇಡ." ಅವನು ಪಂಚೆ ಎತ್ತಿ ಕಟ್ಟಿಕೊಂಡ. ಸೊಂಟದ ಮಟ್ಟ ನೀರಿಗೆ ಇಳಿದು ಸಂಜೆವರೆಗೆ ಒಬ್ಬನೇ ಎಂಬತ್ತು ಟೈರೂ ಎಳೆದು ಹಾಕಿದ. ನಾನು ಒಂದು ಲೋಟ ನೀರು ಕೊಡಲಿಲ್ಲ. ಅವನು ಹಾಗೆಯೇ ಹೋದ. ಮುಂದಿನ ವರ್ಷ ಸುದ್ದಿ ಕೇಳಿ ನಿಮ್ಮ ಗೇಟಿನವರೆಗೆ ಬಂದೆ. ಒಳಗೆ ಬರಲು ಕಾಲು ಏಳಲಿಲ್ಲ. ವಾಪಸಾದೆ.

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಈಗ ಅವನಿಲ್ಲ. ನೀವಿದ್ದೀರಿ.

ಇಂತಿ,
ನಾದಿನಿ


ಮೇ ೩

ನಾದಿನಿಗೆ,

ನಿನ್ನ ಪತ್ರ ಅಂಗಡಿಯಲ್ಲಿ ಓದಲು ಶುರು ಮಾಡಿ, ಗಿರಾಕಿಯ ಸೈಕಲ್ಲು ಹಾಗೇ ಬಿಟ್ಟು ಒಳಗೆ ಹೋದೆ.

ಗೇಟಿನ ಹತ್ತಿರ ನೀನು ನಿಂತಿದ್ದನ್ನು ನಾನು ನೋಡಿದ್ದೆ. ಕಿಟಕಿಯಿಂದ. ಹಸಿರು ಸೀರೆ ಉಟ್ಟಿದ್ದೆ. ಬಾ ಅಂತ ಕರೆಯಬೇಕಿತ್ತು. ಕರೆಯಲಿಲ್ಲ. ನೀನು ತಿರುಗಿ ಹೋಗುವಾಗಲೂ ನೋಡುತ್ತಲೇ ಇದ್ದೆ.

ಅದಕ್ಕಿಂತ ದೊಡ್ಡದೊಂದಿದೆ. ಅವತ್ತಿನ ನೆರೆ ಕಳೆದು ಹದಿನೈದು ದಿನಕ್ಕೆ ನಿಮ್ಮಣ್ಣ ಊಟಕ್ಕೆ ಕೂತವರು ಅರ್ಧಕ್ಕೆ ನಿಲ್ಲಿಸಿ ನಕ್ಕರು. "ತಂಗಿ ಕೇಳಿದ್ಲು ಕಣೆ, ಕಟ್ಟೋದು ಯಾವಾಗ ಅಂತ. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ಖಾಲಿ ಟೈರು ತೇಲದೆ ಇನ್ನೇನು ಮಾಡುತ್ತೆ? ಮಣ್ಣು ತುಂಬಬೇಕಿತ್ತು. ನಾಳೆ ಹೋಗಿ ಹೇಳ್ತೀನಿ, ನೀನೇ ಸರಿ ಅಂತ." ಆ ನಾಳೆ ಬರಲೇ ಇಲ್ಲ. ಅಂಗಿ ಹಾಕಿಕೊಂಡು ಬಾಗಿಲವರೆಗೆ ಹೋಗುವುದು, ಏನೋ ಕೆಲಸ ನೆನಪಾಗಿ ತಿರುಗಿ ಬರುವುದು. ನಿಮ್ಮಿಬ್ಬರದೂ ಒಂದೇ ಕಾಲು. ಕೊನೆಗೆ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು "ನೀನಾದ್ರೂ ಹೇಳು ಅವಳಿಗೆ" ಅಂದರು. ಹೇಳುತ್ತೇನೆ ಅಂದೆ.

ಹೇಳಲಿಲ್ಲ. ನಿನ್ನ ಮಾತಿನಿಂದಲೇ ಅವರು ಕುಗ್ಗಿದರು ಅಂತ ನಾನು ನಂಬಿದ್ದೆ. ಡಾಕ್ಟರು ಹೃದಯ ಅಂದರು, ಬೀಡಿ ಅಂದರು, ನಾನು ನೀನೇ ಅಂದುಕೊಂಡೆ. ಯಾರ ಮೇಲಾದರೂ ಸಿಟ್ಟು ಮಾಡದೆ ಅವರಿಲ್ಲದ ಆ ಮನೆಯಲ್ಲಿ ಹೇಗೆ ಇರಲಿ? ಐದು ವರ್ಷ ನಿನಗೆ ಸೇರಬೇಕಾದ ಮಾತನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.

ಈಗ ಕೊಟ್ಟಿದ್ದೇನೆ. ಬೈಯುವುದಾದರೆ ಬೈದು ಬರಿ.

ಅತ್ತಿಗೆ


ಮೇ ೨೯

ನಾದಿನಿಗೆ,

ಲಾರಿ ಮೂರು ಸಲ ಹೋಗಿ ಬಂತು, ಮೂರು ಸಲವೂ ಪತ್ರವಿಲ್ಲ. ಪುಟ್ಟಿಯನ್ನು ಕೇಳಿದರೆ "ಅತ್ತೆ ಕೆಲ್ಸ ಮಾಡ್ತಿದಾರೆ" ಅನ್ನುತ್ತಾಳೆ. ಏನಂದರು ಅಂದರೆ "ಏನೂ ಅನ್ಲಿಲ್ಲ." ಊಟ ಬಡಿಸಿದರಾ ಅಂದರೆ "ಎರಡೇ ಸಲ, ಬೈಲಿಲ್ಲ." ನೀನು ಬೈಯಲಿಲ್ಲ ಅಂದಾಗ ನನಗೆ ನಿಜವಾಗಿ ಭಯವಾಯಿತು.

ಕೊನೆಯ ಲೋಡಿನಲ್ಲಿ ಮೂವತ್ತು ಹೆಚ್ಚಿಗೆ ಹಾಕಿದ್ದೇನೆ. ಸೋಪೂ ಎರಡಿದೆ, ಕೈಗೆ.

ಮೋಡ ಕಟ್ಟುತ್ತಿದೆ. ಗೋಡೆ ಎಲ್ಲಿಗೆ ಬಂತು ಅಂತಲಾದರೂ ಒಂದು ಸಾಲು ಬರಿ.

ಅತ್ತಿಗೆ


ಜೂನ್ ೨೫

ಅತ್ತಿಗೆಗೆ,

ನಿಮ್ಮ ಪತ್ರ ಓದಿ ಎರಡು ದಿನ ಬರೀ ಕಳೆ ಕಿತ್ತೆ. ಮೂರನೇ ದಿನ ನಿಮಗೆ ಎಂತೆಂಥ ಮಾತು ಬರೆದೆನೆಂದರೆ, ಹರಿದು ಗೊಬ್ಬರದ ಗುಂಡಿಗೆ ಹಾಕಿದೆ. ಈ ಸಲದ ಗೊಬ್ಬರ ಖಾರವಾಗಿರುತ್ತದೆ. ಆಮೇಲೆ ಸುತ್ತಿಗೆ ತೆಗೆದುಕೊಂಡೆ. ಆರನೇ ಸಾಲು ಪೂರ್ತಿ ನಾನೊಬ್ಬಳೇ ಗುದ್ದಿದ್ದು. ಅಳತೆಯಮ್ಮ ಅದನ್ನು ಪರೀಕ್ಷೆ ಮಾಡಿ "ಈ ಸಾಲು ಯಾರು ಮಾಡಿದ್ದು? ಬಂಡೆ ಇದ್ದ ಹಾಗಿದೆ" ಎಂದಳು.

ಎಂಟನೇ ಸಾಲು ಜೂನ್ ಹದಿನೇಳಕ್ಕೆ ಮುಗಿಯಿತು. ಇಪ್ಪತ್ತೊಂದಕ್ಕೆ ಹೊಳೆ ಬಂತು.

ಬೆಳಿಗ್ಗೆ ಹತ್ತಕ್ಕೆ ನೀರು ಕೆಂಪಾಯಿತು. ಹನ್ನೆರಡಕ್ಕೆ ಕಲ್ಲಿನ ಪೆಟ್ಟಿಗೆಗಳು ಮುಳುಗಿದವು. ಅಳತೆಯಮ್ಮ ಮಳೆ ಅಂಗಿ ಹಾಕಿಕೊಂಡು ಬಂದು ನನ್ನ ಪಕ್ಕ ನಿಂತಳು. ಇಬ್ಬರೂ ಮುಳುಗದ ಸಾಲು ಎಣಿಸುತ್ತಿದ್ದೆವು. ಎರಡು ಗಂಟೆಗೆ ನೀರು ಐದನೇ ಸಾಲು ಮುಟ್ಟಿತು. ಅಷ್ಟರಲ್ಲಿ ಮೇಲಿನಿಂದ ಒಂದು ಇಡೀ ಮರದ ಬೊಡ್ಡೆ ತೇಲಿಕೊಂಡು ಸೀದಾ ತಿರುವಿಗೆ ಬಂತು. ನಾನು ಕಣ್ಣು ಮುಚ್ಚಿದೆ. ದಢಾರ್ ಎಂದು ಬಡಿದ ಸದ್ದು. ಕಣ್ಣು ಬಿಟ್ಟರೆ ಬೊಡ್ಡೆ ಚೆಂಡಿನ ಹಾಗೆ ಪುಟಿದು ನಡು ಹೊಳೆಗೆ ಹೋಗಿತ್ತು. "ರಬ್ಬರ್ ಅಲ್ವಾ!" ಎಂದು ಅಳತೆಯಮ್ಮ ಚಪ್ಪಾಳೆ ತಟ್ಟಿದಳು. ಅವಳಿಗೆ ನಗಲು ಬರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಐದರ ಹೊತ್ತಿಗೆ ನೀರು ಇಳಿಯತೊಡಗಿತು. ಕೆಳ ತುದಿಯಲ್ಲಿ ಆರು ಟೈರು ವಾಲಿದ್ದವು. ಅವಸರದಲ್ಲಿ ನಾವು ಸರಿಯಾಗಿ ಗುದ್ದದೆ ಬಿಟ್ಟ ಜಾಗವೇ ಅದು. ಅಳತೆಯಮ್ಮ ಟೇಪು ತೆಗೆದಳು. ನಾನು ಟೇಪಿನ ಇನ್ನೊಂದು ತುದಿ ಹಿಡಿದೆ. "ನಾಲ್ಕು ಬೆರಳು" ಎಂದಳು. "ಗೇಣು ಅಂದ್ರೆ ಎಷ್ಟು ಬೆರಳು ಅಂತ ನಂಗೊತ್ತು, ನಿಮಗೂ ಗೊತ್ತು. ಆ ಆರನ್ನ ಮಾತ್ರ ಮತ್ತೆ ಗುದ್ದಿ." ಫೈಲಿಗೆ ಹೊಸ ಫೋಟೊ ತೆಗೆದಳು. ಅದರಲ್ಲೂ ನನ್ನ ಬಾಯಿ ತೆರೆದೇ ಇದೆ, ಈ ಸಲ ಬೇರೆ ಕಾರಣಕ್ಕೆ.

ಷೆಡ್ಡಿನಿಂದ ಅಂಚಿಗೆ ಈಗಲೂ ಆರು ಹೆಜ್ಜೆ. ಹತ್ತು ಸಲ ನಡೆದು ನೋಡಿದೆ.

ಅಣ್ಣ ಹೇಳಿ ಕಳಿಸಿದ ಮಾತಿಗೆ ಬರುತ್ತೇನೆ. ನೀವು ಮುಚ್ಚಿಟ್ಟಿದ್ದು ತಪ್ಪು. ತಪ್ಪಲ್ಲ ಎಂದು ನಾನು ಬರೆಯುವುದಿಲ್ಲ. ಆದರೆ ಅವನು ನಕ್ಕ ಎಂದು ಬರೆದಿರಲ್ಲ, ಊಟದ ನಡುವೆ, ನನ್ನ ಮಾತು ನೆನೆದು. ಇಷ್ಟು ವರ್ಷ ನನ್ನ ಕಣ್ಣಿಗೆ ಅವನು ಸೊಂಟದ ಮಟ್ಟ ನೀರಿನಲ್ಲಿ ತಲೆ ತಗ್ಗಿಸಿ ನಿಂತೇ ಇದ್ದ. ಈಗ ಊಟಕ್ಕೆ ಕೂತು ನಗುತ್ತಾನೆ. ಅದನ್ನು ಕೊಟ್ಟವರು ನೀವೇ. ಜಗಳ ಮಾಡುವುದಿದ್ದರೆ ಎದುರಿಗೆ ಕೂತು ಮಾಡೋಣ, ಪತ್ರದಲ್ಲಿ ರುಚಿ ಇಲ್ಲ.

ಹೊಳೆಯಾಚೆಯ ಶಾಲೆಯ ದೊಡ್ಡ ಟೀಚರು ನಿನ್ನೆ ಬಂದಿದ್ದರು. ಅವರ ತರಗತಿಗಳ ಹಿಂದಿನ ಇಳಿಜಾರು ಪ್ರತಿ ಮಳೆಗೂ ಕಿಟಕಿಯವರೆಗೆ ಜರಿಯುತ್ತದಂತೆ. ಅವರಿಗೆ ಆರು ನೂರು ಬೇಕು. ನಿಮ್ಮಲ್ಲಿ ಎಷ್ಟಿದೆ?

ನಾದಿನಿ


ಜುಲೈ ೬

ನಾದಿನಿಗೆ,

ನಿನ್ನ ಪತ್ರವನ್ನು ಪುಟ್ಟಿಗೆ ಓದಿ ಹೇಳಿದೆ, ಬೊಡ್ಡೆ ಪುಟಿದ ಜಾಗ ಎರಡು ಸಲ. ಕೊನೆಯ ಪುಟ ನಾನೊಬ್ಬಳೇ ಓದಿಕೊಂಡೆ. ಅದಕ್ಕೆ ಇಲ್ಲಿ ಏನೂ ಬರೆಯುವುದಿಲ್ಲ, ಎದುರಿಗೆ ಕೂತಾಗ ನೋಡೋಣ.

ಒಂದನೇ ತಾರೀಕು ಸರಿಯಾಗಿ ಹತ್ತು ಗಂಟೆಗೆ ಆರೋಗ್ಯ ವಿಭಾಗದವನು ಬಂದ. ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತ. ಹಿಂದಿನ ಗೋಡೆಗೆ ನೀಲಿ ಬಣ್ಣ ಇದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಮೂಲೆ ಮೂಲೆ ಹುಡುಕಿ ಕೊನೆಗೆ ಒಂದು ಟೈರು ಕಂಡುಹಿಡಿದ, ನಾನು ಅದರ ಮೇಲೆ ಕೂತಿದ್ದೆ.

"ಇದು?"

"ಇದು ಕುರ್ಚಿ."

ಅವನು ಅದನ್ನೂ ಬರೆದುಕೊಂಡ. ಕುರ್ಚಿ ಒಂದು.

ಅವನು ಹೋದ ಮೇಲೆ ಖಾಲಿ ಅಂಗಳದಲ್ಲಿ ನಿಂತು ನಿಮ್ಮಣ್ಣನನ್ನು ನೆನೆದು ಸ್ವಲ್ಪ ಅತ್ತೆ. ಆಮೇಲೆ ನಿನ್ನ ಆರು ನೂರು ನೆನಪಾಯಿತು. ನನ್ನ ಹತ್ತಿರ ಈಗ ಒಂದೂ ಇಲ್ಲ! ಹೋಗಿ ಮೂರು ಬೀದಿಯ ಅಂಗಡಿಗಳಲ್ಲಿ ಹಳೇ ಟೈರು ಇದೆಯಾ ಅಂತ ಕೇಳಿದೆ. ಬಸ್ ಡಿಪೊ ಎದುರಿನವನು ನಕ್ಕು ನಕ್ಕು ಸ್ಟೂಲಿನಿಂದ ಬಿದ್ದ. "ಅಮ್ಮಾ, ಹೋದ ವರ್ಷ ನಮ್ಮ ಹುಡುಗರು ನಿಮ್ಮ ಅಂಗಳಕ್ಕೆ ಎರಡು ಎಸೆದಿದ್ದಕ್ಕೆ ಪೊರಕೆ ಹಿಡ್ಕೊಂಡು ಬಂದಿದ್ರಲ್ಲ!" ಅಂದ. "ಈಗ ಲಾರಿ ಹಿಡ್ಕೊಂಡು ಬಂದಿದೀನಿ, ತುಂಬಿಸು" ಅಂದೆ. ಮುನ್ನೂರು ಸಿಕ್ಕಿತು. ಉಳಿದದ್ದೂ ಸಿಗುತ್ತದೆ. ಒಂದನ್ನೂ ಅಂಗಳಕ್ಕೆ ಇಳಿಸುವುದಿಲ್ಲ, ಪಕ್ಕೆ ಕೊಯ್ದು ಸೀದಾ ಶಾಲೆಗೆ.

ಆದರೆ ನೀವು ಗುದ್ದುವ ರೀತಿ ನನಗೆ ಒಪ್ಪಿಗೆಯಿಲ್ಲ. ಆರು ಟೈರು ವಾಲಿದ್ದು ಯಾಕೆ ಅಂತ ನನಗೆ ಗೊತ್ತು. ನಡುವಿನಲ್ಲಿ ಗುದ್ದುತ್ತೀರಿ, ಅಂಚಿಗೆ ಗುದ್ದುವುದಿಲ್ಲ. ಪತ್ರದಲ್ಲಿ ಹೇಳಿದರೆ ನಿಮಗೆ ಅರ್ಥವಾಗುವುದಿಲ್ಲ.

ಅತ್ತಿಗೆ


ಜುಲೈ ೧೯

ಅತ್ತಿಗೆಗೆ,

ಅಂಚಿಗೂ ಗುದ್ದುತ್ತೇವೆ. ಬಂದು ನೋಡಿ ಆಮೇಲೆ ಮಾತಾಡಿ.

ಬೀಜದ ಡಬ್ಬಿಗಳಿದ್ದ ಕೋಣೆ ಖಾಲಿ ಮಾಡಿ ಸುಣ್ಣ ಬಳಿಸಿದ್ದೇನೆ. ಮಂಚ ಹಾಕಿದ್ದೇನೆ. ಕಿಟಕಿ ಹೊಳೆಯ ಕಡೆಗಿದೆ, ಎದ್ದು ಕೂತರೆ ಗೋಡೆಯ ಮೇಲಿನ ಮೂರು ಸಾಲು ಕಾಣುತ್ತದೆ. ಶಾಲೆಯ ಕೆಲಸ ಮೂರು ತಿಂಗಳಾದರೂ ಹಿಡಿಯುತ್ತದೆ. ಅಂಗಡಿಯನ್ನು ಅಷ್ಟು ದಿನ ಪುಟ್ಟಿಯ ಗೆಳತಿ ನೋಡಿಕೊಳ್ಳುತ್ತಾಳಂತೆ, ಇದನ್ನು ನಿಮಗೆ ಹೇಳಬಾರದೆಂದು ಪುಟ್ಟಿ ಹೇಳಿದ್ದಾಳೆ. ನಾಲ್ಕು ಜೊತೆ ಬಟ್ಟೆ ತನ್ನಿ, ಒಳ್ಳೆಯವು ತರಬೇಡಿ.

ನಿನ್ನೆ ಶಾಲೆಯಲ್ಲಿ ಇಳಿಜಾರಿನ ಅಳತೆ ಇತ್ತು. ದೊಡ್ಡ ಟೀಚರು, ಅಳತೆಯಮ್ಮ, ಹೊಳೆ ಕಚೇರಿಯ ಇನ್ನಿಬ್ಬರು, ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಎಷ್ಟು ಸಾಲು ಬೇಕು, ಎಲ್ಲಿಂದ ಶುರು ಮಾಡೋಣ, ನೀವೇ ಹೇಳಿ" ಎಂದರು ದೊಡ್ಡ ಟೀಚರು. ನನ್ನ ಬಾಯಿಂದ ತಾನಾಗಿ ಬಂತು. "ಸ್ವಲ್ಪ ತಡೀರಿ, ನಮ್ಮತ್ತಿಗೆ ಬರ್ತಾರೆ. ಅವರನ್ನೇ ಕೇಳೋಣ."

ಆರು ವರ್ಷದಿಂದ ಯಾರ ಮುಂದೆಯೂ ನಮ್ಮತ್ತಿಗೆ ಎನ್ನುವ ಮಾತು ಆಡಿರಲಿಲ್ಲ. ಸುಮ್ಮಸುಮ್ಮನೆ ಕೆಮ್ಮಿದೆ. ಅಳತೆಯಮ್ಮ ನೀರಿನ ಬಾಟಲು ಕೊಟ್ಟಳು.

ಭಾನುವಾರ ಬನ್ನಿ. ಬಸ್ಸಿಗೆ ಬಂದರೆ ನಿಲ್ದಾಣದಲ್ಲಿರುತ್ತೇನೆ, ಲಾರಿಯಲ್ಲಿ ಬಂದರೆ ರಸ್ತೆಯ ತಿರುವಿನಲ್ಲಿರುತ್ತೇನೆ. ಮತ್ತೆ ಉತ್ತರ ಬರೆಯುತ್ತಾ ಕೂರಬೇಡಿ, ಹೊರಡಿ.

ನಿಮ್ಮ ನಾದಿನಿ